ಮೆಡಿಕಲ್ ಹತ್ತಿದ್ರು

ಸುಳ್ಯ ಪೇಟೆಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಮನೆ ಕೊಲ್ಲಮೊಗ್ರು ಕಡೆಯ ಒಂದು ಮೂಲೆಯಲ್ಲಿ. ಎರಡರ ನಡುವೆ ಓಡುವ ನಮ್ಮ ಬಸ್ಸಿಗೆ ನಿಗದಿಯಾದ ಸಮಯ ಇದೆ ಎಂದು ಅದರ ಯಜಮಾನರು ನಂಬಿದ್ದಾರೆ. ನಾನು ನಂಬುವುದಿಲ್ಲ. ಒಂದು ದಿನ ನಾನು ಗೇಟು ದಾಟುವ ಮೊದಲೇ ಅದು ಹೋಗಿಯಾಗಿರುತ್ತದೆ. ಮರುದಿನ ಬೇಗ ಹೋಗಿ ನಿಂತರೆ, ಎಲ್ಲೋ ಹಿಂದೆ ಯಾರದೋ ಗೊಬ್ಬರದ ಮೂಟೆ ಇಳಿಸುತ್ತಾ ಆರಾಮವಾಗಿ ನಿಂತಿರುತ್ತದೆ. ಹೊಲಿದ ರವಿಕೆಗಳ ಚೀಲ ಹೆಗಲಿಗೆ ಹಾಕಿಕೊಂಡು ರಸ್ತೆಬದಿಯಲ್ಲಿ ಕಾದು ಕಾದು ನನ್ನ ಅರ್ಧ ಆಯುಷ್ಯ ಮುಗಿದಿದೆ.

ಸಿಟ್ಟು ನನಗೆ ತವರಿನಿಂದಲೇ ಬಂದ ಬಳುವಳಿ. ಒಂದು ಬೆಳಿಗ್ಗೆ ಮದುಮಗಳೊಬ್ಬಳ ರವಿಕೆ ಚೀಲದಲ್ಲಿತ್ತು, ಅದೇ ದಿನ ಅವಳ ಮದುವೆ, ಬಸ್ಸು ನನ್ನ ಕಣ್ಣೆದುರೇ ತಿರುವು ದಾಟಿ ಹೋಯಿತು. ಬಾಡಿಗೆ ಜೀಪು ಹಿಡಿದು ಮಂಟಪಕ್ಕೆ ಹೋಗಿ ರವಿಕೆ ಕೊಟ್ಟು ಬಂದೆ. ಬಂದವಳೇ ಮೊಬೈಲಿನಲ್ಲಿ ‘ಬಸ್ ಎಲ್ಲಿ’ ಎಂದು ಒಂದು ಗ್ರೂಪ್ ಮಾಡಿದೆ. ಬಸ್ಸಿನೊಳಗೆ ಇರುವವರು ಬಸ್ಸು ಎಲ್ಲಿಗೆ ಮುಟ್ಟಿತು ಎಂದು ಹಾಕಬೇಕು, ಹೊರಗೆ ಇರುವವರು ಅದನ್ನು ನೋಡಿ ಮನೆಯಿಂದ ಹೊರಡಬೇಕು. ಇಷ್ಟೇ ನನ್ನ ಯೋಜನೆ.

ಮೊದಮೊದಲು ಜನ ಜಾಗದ ಹೆಸರು ಹಾಕುತ್ತಿದ್ದರು. ಅದು ನಡೆಯಲಿಲ್ಲ. ನಮ್ಮ ದಾರಿಯ ಹೆಚ್ಚಿನ ನಿಲ್ದಾಣಗಳಿಗೆ ಹೆಸರೇ ಇಲ್ಲ. ಒಬ್ಬರಿಗೆ ಮೋರಿಯ ಹತ್ತಿರ ಆದದ್ದು ಇನ್ನೊಬ್ಬರಿಗೆ ಹಲಸಿನ ಮರದ ಹತ್ತಿರ, ಮತ್ತೊಬ್ಬರಿಗೆ ಎಂದೋ ಕಡಿದು ಮಾರಿದ ಒಂದು ಮಾವಿನ ಮರದ ಹತ್ತಿರ. ಮೂರೂ ಒಂದೇ ಜಾಗ. ಅದರ ಮೇಲೆ ರೇಂಜಿನ ಸಮಸ್ಯೆ. ಕಾಡಂಚಿನ ಆ ದಾರಿಯಲ್ಲಿ ಮೊಬೈಲಿಗೆ ರೇಂಜ್ ಸಿಗುವುದು ಕೆಲವೇ ತಿರುವುಗಳಲ್ಲಿ, ಅದೂ ಬಸ್ಸು ನಿಂತಷ್ಟು ಹೊತ್ತು ಮಾತ್ರ. ಹಾಗಾಗಿ ತಾನಾಗಿಯೇ ಒಂದು ಪದ್ಧತಿ ಹುಟ್ಟಿತು. ಬಸ್ಸು ಎಲ್ಲಿದೆ ಎಂದು ಹೇಳುವ ಬದಲು ಯಾರು ಹತ್ತಿದರು ಎಂದು ಹೇಳುವುದು.

‘ಸೊಸೈಟಿ ಹತ್ತಿದ್ರು’ ಎಂದರೆ ಹಾಲಿನ ಸೊಸೈಟಿಯ ಕಾರ್ಯದರ್ಶಿ ಹತ್ತಿದ್ದಾರೆ, ಬಸ್ಸು ಸೇತುವೆಯ ಹತ್ತಿರ ಇದೆ. ‘ದಲ್ಲಾಳಿ ಮಾವ ಹತ್ತಿದ್ರು’ ಎಂದರೆ ರಬ್ಬರ್ ತೋಟದ ತಿರುವು. ‘ಟೈಲರಕ್ಕ ಹತ್ತಿದ್ರು’ ಎಂದರೆ ನಾನು, ನನ್ನ ಮುಂದಿನ ಊರಿನವರು ಚಪ್ಪಲಿ ಹಾಕಿಕೊಳ್ಳಬಹುದು. ಮೈಲುಗಲ್ಲುಗಳಿಲ್ಲದ ಊರಿನಲ್ಲಿ ನಾವೇ ಮೈಲುಗಲ್ಲುಗಳಾದೆವು. ಇದರಲ್ಲಿ ಎಂತದೋ ಗೌರವವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಈ ಪದ್ಧತಿಯ ದೋಷ ಗೊತ್ತಾದದ್ದು ಕಾರ್ಯದರ್ಶಿಯವರು ನಾದಿನಿಯ ಮದುವೆಗೆಂದು ರಜೆ ಹಾಕಿದ ದಿನ. ‘ಸೊಸೈಟಿ ಹತ್ತಿದ್ರು’ ಎಂಬ ಮೆಸೇಜು ಬರಲಿಲ್ಲ. ಅವರು ಹತ್ತದೆ ಬಸ್ಸು ಮುಂದೆ ಹೇಗೆ ಬಂದೀತು ಎಂದು ನಾವೆಲ್ಲ ಇನ್ನೊಂದು ಲೋಟ ಚಾ ಕುಡಿಯುತ್ತಾ ಮನೆಯಲ್ಲೇ ಕೂತೆವು. ಬಸ್ಸು ಖಾಲಿಯಾಗಿ ಸುಳ್ಯಕ್ಕೆ ಹೋಯಿತು. ಡ್ರೈವರು ದಾರಿಯಲ್ಲಿ ಒಬ್ಬರನ್ನು ನಿಲ್ಲಿಸಿ, “ಇವತ್ತು ಬಂದ್ ಉಂಟಾ ಮಾರಾಯ್ರೆ?” ಎಂದು ಕೇಳಿದರಂತೆ. ಸುಳ್ಯಕ್ಕೆ ಮುಟ್ಟಿದ ಮೇಲೆ ಯಾವುದಕ್ಕೂ ಇರಲಿ ಎಂದು ಬಸ್ಸನ್ನು ಒಂದು ಗಲ್ಲಿಯೊಳಗೆ ಬಚ್ಚಿಟ್ಟಿದ್ದರು.

ದಲ್ಲಾಳಿ ಮಾವನ ಬಗ್ಗೆ ಸ್ವಲ್ಪ ಹೇಳಬೇಕು. ಅವರದು ಮದುವೆ ಸಂಬಂಧ ಕುದುರಿಸುವ ಕೆಲಸ. ಬಿಳಿ ಅಂಗಿ, ಕೈಯಲ್ಲಿ ಕೊಡೆ, ಕಿಸೆಯಲ್ಲಿ ಊರಿನ ಅರ್ಧ ಮಕ್ಕಳ ಫೋಟೋ ತುಂಬಿದ ಮೊಬೈಲು. ಪಕ್ಕದಲ್ಲಿ ಕೂತವರ ಮನೆತನ, ನಕ್ಷತ್ರ, ಜಾಗ, ಬಾವಿಯಲ್ಲಿ ಬೇಸಗೆಗೆ ನೀರು ಉಳಿಯುತ್ತದೋ ಇಲ್ಲವೋ, ಇಷ್ಟನ್ನು ತಿಳಿದುಕೊಳ್ಳದೆ ಅವರು ಇಳಿದದ್ದಿಲ್ಲ. ತಿಳಿದದ್ದನ್ನು ಯಾರಿಗೂ ಹೇಳದೆ ಮಲಗಿದ್ದೂ ಇಲ್ಲ. ಕೆಟ್ಟ ಮನುಷ್ಯ ಅಲ್ಲವೇ ಅಲ್ಲ, ಬಾಯಿಗೆ ಮಾತ್ರ ಚಿಲಕ ಇಲ್ಲ. ಗ್ರೂಪಿನಲ್ಲಿ ಅತಿ ಹೆಚ್ಚು ಮೆಸೇಜು ಅವರದೇ. ಅವರನ್ನು ತೆಗೆದುಹಾಕಬೇಕೆಂದು ನಾನು ಎಷ್ಟೋ ಸಲ ಬೆರಳು ಎತ್ತಿದ್ದೇನೆ, ಆಮೇಲೆ ಬಸ್ಸಿನ ಸುದ್ದಿ ಯಾರು ಕೊಡುವುದು ಎಂದು ಸುಮ್ಮನಾಗಿದ್ದೇನೆ.

ಕಳೆದ ವರ್ಷ ಮಳೆ ನಿಂತ ಮೇಲೆ ನಮ್ಮ ದಾರಿಗೆ ಹೊಸ ಹೆಣ್ಣುಮಗಳೊಬ್ಬಳು ಬಂದಳು. ಮೂವತ್ತರ ಆಸುಪಾಸು. ರಸ್ತೆಯ ಮೇಲಿನ ಒಂದು ಮನೆಯ ಹಿಂಬದಿಯ ಬಿಡಾರದಲ್ಲಿ ಒಬ್ಬಳೇ ಬಾಡಿಗೆಗೆ ಇದ್ದಳು, ಸುಳ್ಯದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ. ಅವಳು ಬಸ್ಸು ಹತ್ತುತ್ತಿದ್ದ ತಿರುವಿನಲ್ಲಿ ಮೊದಲು ಯಾರೂ ಹತ್ತುತ್ತಿರಲಿಲ್ಲ, ಆದರೆ ಇಡೀ ದಾರಿಯಲ್ಲಿ ಅತ್ಯಂತ ಒಳ್ಳೆಯ ರೇಂಜ್ ಇದ್ದದ್ದು ಅಲ್ಲೇ. ಮೇಲಾಗಿ ಅವಳು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಗ್ರೂಪಿಗೆ ಹಬ್ಬವಾಯಿತು. ‘ಮೆಡಿಕಲ್ ಹತ್ತಿದ್ರು’ ಎಂಬುದು ನಮ್ಮ ದಿನದ ಅತ್ಯಂತ ನಂಬಿಕಸ್ಥ ಸುದ್ದಿಯಾಯಿತು. ಸಂಜೆ ಮರಳುವಾಗ ‘ಮೆಡಿಕಲ್ ಇಳಿದ್ರು’ ಎಂದು ಬಂದರೆ ಮುಂದಿನ ಊರಿನ ಹೆಂಗಸರು ಮಕ್ಕಳನ್ನು ಕರೆತರಲು ರಸ್ತೆಗೆ ಬರುತ್ತಿದ್ದರು.

ದಲ್ಲಾಳಿ ಮಾವ ಮೂರನೆಯ ದಿನವೇ ಅವಳ ಪಕ್ಕದಲ್ಲಿ ಕೂತರು. ಅವಳು ಕಿಟಕಿಯ ಹೊರಗೆ ನೋಡಿಕೊಂಡೇ ಎಲ್ಲ ಪ್ರಶ್ನೆಗೂ “ಹೌದು” ಎಂದಳು. ಯಾವ ಊರು ಎಂದರೂ ಹೌದು, ತಂದೆ ಎಂತ ಮಾಡುದು ಎಂದರೂ ಹೌದು. ಮಾವ ಇಳಿಯುವಾಗ ನನ್ನ ಕಿವಿಯಲ್ಲಿ, “ಒಳ್ಳೆ ಗುಣದ ಹುಡುಗಿ. ಎರಡು ಸಂಬಂಧ ಉಂಟು ನನ್ನ ಹತ್ರ” ಎಂದು ಹೇಳಿ ಹೋದರು.

ಅವಳು ನನ್ನ ಅಂಗಡಿಗೂ ಬರುತ್ತಿದ್ದಳು. ಚೂಡಿದಾರಕ್ಕೆ ಯಾವಾಗಲೂ ತುಂಬು ತೋಳು ಇಡಿಸುತ್ತಿದ್ದಳು. ನಮ್ಮ ಈ ಸೆಕೆಯಲ್ಲಿ ತುಂಬು ತೋಳು ಎಂತಕ್ಕೆ ಎಂದು ಕೇಳಿದರೆ ಸುಮ್ಮನೆ ನಗುತ್ತಿದ್ದಳು. ಒಂದು ಮಧ್ಯಾಹ್ನ ಬಂದವಳು ಅಳತೆ ಕೊಡಲಿಲ್ಲ, ಸ್ಟೂಲಿನ ಮೇಲೆ ಕೂತಳು.

“ಅಕ್ಕ, ನನ್ನನ್ನು ನಿಮ್ಮ ಗ್ರೂಪಿನಿಂದ ತೆಗೀಲಿಕ್ಕೆ ಆಗ್ತದಾ?”

“ನೀನು ಗ್ರೂಪಿನಲ್ಲೇ ಇಲ್ಲವಲ್ಲ.”

“ನಾನು ಇಲ್ಲ. ಆದ್ರೆ ದಿನಾ ಅದ್ರಲ್ಲಿ ಹತ್ತುದು, ಇಳಿಯುದು ನಾನೇ ಅಲ್ವಾ?”

ಮೆಡಿಕಲ್ ಶಾಪಿಗೆ ಬಂದ ಗಿರಾಕಿಯೊಬ್ಬರು ಚೀಟಿ ತೋರಿಸಲು ಮೊಬೈಲ್ ತೆಗೆದಾಗ ಅದರಲ್ಲಿ ‘ಮೆಡಿಕಲ್ ಹತ್ತಿದ್ರು’ ಎಂದು ಕಂಡಿತಂತೆ. ಅವರು ಪುತ್ತೂರಿನವರು, ನಮ್ಮ ಬಸ್ಸನ್ನು ಜನ್ಮದಲ್ಲಿ ಹತ್ತಿದವರಲ್ಲ. ಮತ್ತೆ ಎಂತಕ್ಕೆ ಈ ಗ್ರೂಪ್ ಎಂದು ಇವಳು ಕೇಳಿದ್ದಾಳೆ. “ಬೆಳಿಗ್ಗೆ ಚಾ ಕುಡಿಯುವಾಗ ಓದ್ಲಿಕ್ಕೆ ಲಾಯ್ಕ ಆಗ್ತದೆ. ಪುತ್ತೂರಿನಲ್ಲಿ, ಕಡಬದಲ್ಲಿ ತುಂಬಾ ಜನ ಇದ್ದಾರೆ ಇದ್ರಲ್ಲಿ” ಎಂದರಂತೆ. ನನ್ನ ಸಾರ್ವಜನಿಕ ಸೇವೆ ಎರಡು ತಾಲೂಕಿಗೆ ಪುಕ್ಕಟೆ ಮನರಂಜನೆ ಆಗಿದೆ ಎಂದು ನನಗೆ ಗೊತ್ತಾದದ್ದು ಹೀಗೆ.

ಅವಳು ಬಾಗಿಲ ಕಡೆ ಒಮ್ಮೆ ನೋಡಿ, ತೋಳನ್ನು ಮೊಣಕೈಯವರೆಗೆ ಸರಿಸಿದಳು. ಸುಟ್ಟ ಕಲೆ, ಸಾಲಾಗಿ. ಹುಟ್ಟೂರು ಕಡಬದ ಹತ್ತಿರ, ಮದುವೆಯಾಗಿ ಹೋದದ್ದು ಘಟ್ಟದ ಮೇಲಕ್ಕೆ. ಗಂಡನ ಮನೆ ಬಿಟ್ಟು ಬಂದಾಗಿದೆ, ಪೊಲೀಸರಿಗೆ ದೂರು ಕೊಟ್ಟಾಗಿದೆ, ಅವನು ಈ ಕಡೆ ಕಂಡರೆ ಫೋನ್ ಮಾಡಲು ಅವರು ಹೇಳಿದ್ದಾರೆ. ತವರಿಗೆ ಅವನು ಮತ್ತೆ ಮತ್ತೆ ಬರುತ್ತಾನೆಂದು ಅಲ್ಲಿಯೂ ಇಲ್ಲದೆ ಯಾರೂ ಪರಿಚಯ ಇಲ್ಲದ ಈ ದಾರಿಯಲ್ಲಿ ಬಂದು ಇದ್ದಾಳೆ. “ಅವನಿಗೆ ನಾನು ಎಲ್ಲಿದ್ದೇನೆ ಅಂತ ಮಾತ್ರ ಗೊತ್ತಾಗಬಾರದು ಅಕ್ಕ” ಎಂದಳು. ಅವಳು ಎಷ್ಟು ಹೊತ್ತಿಗೆ, ಎಲ್ಲಿ, ಒಬ್ಬಳೇ ನಿಲ್ಲುತ್ತಾಳೆ ಎಂದು ನಾವು ದಿನಕ್ಕೆ ಎರಡು ಸಲ ಊರಿಗೆಲ್ಲ ಡಂಗುರ ಸಾರುತ್ತಿದ್ದೆವು.

ಅಂದು ಸಂಜೆಯೇ ಬಸ್ಸಿನಲ್ಲಿ ಸಭೆ ಸೇರಿಸಿದೆ. ಸಭೆ ಎಂದರೆ ಡ್ರೈವರಿನ ಹಿಂದೆ ಕಂಬ ಹಿಡಿದು ನಿಂತು, ನಾಳೆಯಿಂದ ಯಾರು ಹತ್ತಿದರು ಎಂದು ಹಾಕಬಾರದು ಎಂದು ಬೊಬ್ಬೆ ಹೊಡೆದದ್ದು. ಅವಳು ಆ ದಿನ ಬೇಕೆಂದೇ ಅದಕ್ಕಿಂತ ಮೊದಲಿನ ಬಸ್ಸಿನಲ್ಲಿ ಹೋಗಿದ್ದಳು.

ಕಾರ್ಯದರ್ಶಿಯವರು ಎದ್ದು ನಿಂತರು. ಮೈಕು ಕಾಣದಿದ್ದರೂ ಅವರ ಭಾಷಣಕ್ಕೆ ಕೊರತೆ ಆಗುವುದಿಲ್ಲ. “ಬಸ್ಸು ಎಲ್ಲಿ ಉಂಟು ಅಂತ ತಿಳಿಯುದು ಸಾರ್ವಜನಿಕರ ಹಕ್ಕು. ಅದನ್ನು ಯಾರೂ ಕಿತ್ತುಕೊಳ್ಳುವ ಹಾಗಿಲ್ಲ” ಎಂದರು.

“ಬಸ್ಸಿನ ಸುದ್ದಿ ಹಾಕಿ, ಜನರ ಸುದ್ದಿ ಬೇಡ.”

“ಜನರ ಸುದ್ದಿ ಇಲ್ಲದೆ ಬಸ್ಸಿನ ಸುದ್ದಿ ಹಾಕುದು ಹೇಗೆ ಅಂತ ನೀವೇ ಹೇಳಿ.”

“ಸುರಕ್ಷತೆ ಅಂತ ಒಂದು ಉಂಟು.”

“ಯಾರ ಸುರಕ್ಷತೆ? ಯಾರಿಂದ?”

ಇಲ್ಲಿ ನಾನು ಸಿಕ್ಕಿಬಿದ್ದೆ. ಕಾರಣ ಹೇಳದೆ ಇವರು ಒಪ್ಪುವುದಿಲ್ಲ. ಕಾರಣ ಹೇಳಿದರೆ ಬಸ್ಸು ಗುತ್ತಿಗಾರು ಮುಟ್ಟುವುದರೊಳಗೆ ಅದು ಗ್ರೂಪಿನಲ್ಲಿರುತ್ತದೆ. ಕಳ್ಳರಿಂದ ಎಂದೆ. ಯಾರ ಮನೆ ಎಷ್ಟು ಹೊತ್ತಿಗೆ ಖಾಲಿ ಎಂದು ಕಳ್ಳರಿಗೆ ಗೊತ್ತಾಗುತ್ತದೆ ಎಂದೆ.

ದಲ್ಲಾಳಿ ಮಾವ ಹಿಂದಿನ ಸೀಟಿನಿಂದ, “ಕಳ್ಳರು ಬರುದು ಕೂಡಾ ಇದೇ ಬಸ್ಸಿನಲ್ಲಿ ಅಲ್ವಾ? ಹತ್ತಿದ್ರೆ ನಾನು ಹಾಕ್ತೇನೆ” ಎಂದರು. ಎಲ್ಲರೂ ತಲೆಯಾಡಿಸಿದರು.

ಕಡೆಗೆ ಒಂದು ರಾಜಿಯಾಯಿತು. ಆಯಾ ತಿರುವಿಗೆ ಒಂದೊಂದು ತರಕಾರಿಯ ಹೆಸರು ಇಡುವುದು. ಸೇತುವೆಯ ಕಾರ್ಯದರ್ಶಿಯವರು ಸೌತೆ, ರಬ್ಬರ್ ತೋಟದ ಮಾವ ಬದನೆ, ಮೆಡಿಕಲ್ ತಿರುವು ತೊಂಡೆ. ನನಗೆ ಹಾಗಲಕಾಯಿ ಎಂದು ಕಂಡಕ್ಟರು ಸೂಚಿಸಿದರು, ಒಬ್ಬರಾದರೂ ವಿರೋಧಿಸಲಿಲ್ಲ. ಮರುದಿನ ಬೆಳಿಗ್ಗೆ ‘ತೊಂಡೆ ಹತ್ತಿತು’ ಎಂದು ಮೊದಲ ಮೆಸೇಜು ಬಂತು. ಕಡಬದಿಂದ ಒಬ್ಬರು, ಕೆಜಿಗೆ ಎಷ್ಟು ಎಂದು ಕೇಳಿದರು. ಅದರ ಬೆನ್ನಿಗೇ ದಲ್ಲಾಳಿ ಮಾವನ ಉದ್ದದ ಮೆಸೇಜು: ಯಾರಿಗೂ ಗೊಂದಲ ಬೇಡ, ಸೌತೆ ಎಂದರೆ ಇಂಥವರು, ಬದನೆ ಎಂದರೆ ನಾನು, ತೊಂಡೆ ಎಂದರೆ ನಮ್ಮ ಮೆಡಿಕಲ್ ಹುಡುಗಿ. ಕೆಳಗೆ ಕೈಮುಗಿದ ಚಿತ್ರ.

ಬಸ್ಸಿಳಿದವಳೇ ಅವರ ಕೊಡೆ ಹಿಡಿದು ಎಳೆದುಕೊಂಡು ಅಂಗಡಿಗೆ ಬಂದೆ. ಅಳತೆ ನೋಡುವ ಪರದೆಯ ಹಿಂದೆ ನಿಲ್ಲಿಸಿ, ಅವಳ ಒಪ್ಪಿಗೆಯನ್ನು ಫೋನಿನಲ್ಲಿ ಕೇಳಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಿಟ್ಟಿನಲ್ಲಿ ನನ್ನ ಕಣ್ಣಲ್ಲಿ ನೀರೇ ಬಂದಿತ್ತು. ಮಾವ ಸುಮ್ಮನೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಹೆದರಿಕೆಯೇ ಆಯಿತು. “ಕುಡೀಲಿಕ್ಕೆ ಸ್ವಲ್ಪ ನೀರುಂಟಾ?” ಎಂದು ಕೇಳಿ, ಕುಡಿದು, ಕೊಡೆ ಮರೆತು ಹೊರಟು ಹೋದರು.

ಅಂದೇ ನಾನು ಗ್ರೂಪಿನಲ್ಲಿ ನಮ್ಮ ದಾರಿಯವರಲ್ಲದವರನ್ನೆಲ್ಲ ಹುಡುಕಿ ಹುಡುಕಿ ತೆಗೆದೆ. ನಗುವುದಾದರೆ ಬೇರೆ ಕಡೆ ನಗಲಿ. ಆದರೆ ಹಾಕಿದ ಮೆಸೇಜುಗಳು ಎಲ್ಲೆಲ್ಲಿಗೆ ಹೋಗಿವೆಯೋ ಯಾರಿಗೆ ಗೊತ್ತು. ನನಗೆ ದಿನವೂ ಅದೇ ಮಂಡೆಬಿಸಿ. ಮೆಡಿಕಲ್ ತಿರುವಿನಿಂದ ದಲ್ಲಾಳಿ ಮಾವ ಈಗ ಹವಾಮಾನ ವರದಿ ಹಾಕತೊಡಗಿದ್ದರು. ‘ಮೋಡ ಉಂಟು’ ಎಂದರೆ ಬಸ್ಸು ಬಂತು ಎಂದು ನಾವು ತಿಳಿದುಕೊಳ್ಳಬೇಕು. ಕಾರ್ಯದರ್ಶಿಯವರು ಅದನ್ನು ನಂಬಿ ಕೊಡೆ ಹಿಡಿದು ಬಂದರು.

ಅವನು ಬಂದದ್ದು ಒಂದು ಶನಿವಾರ ಸಂಜೆ. ನಮ್ಮ ಬಸ್ಸು ಸುಳ್ಯ ನಿಲ್ದಾಣದಲ್ಲಿ ಹೊರಡಲು ನಿಂತಿತ್ತು. ನಾನು ಕಿಟಕಿಯ ಪಕ್ಕ ಕೂತಿದ್ದೆ. ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ, ಯಾರಾದರೂ ಕರೆದು ಸೀಟು ಕೊಡುವಂಥ ಮುಖ. ಹತ್ತಿದವನು ಮುಂದಿನ ಸೀಟಿನಿಂದ ಒಬ್ಬೊಬ್ಬರಿಗೇ ಮೊಬೈಲಿನಲ್ಲಿ ಒಂದು ಫೋಟೋ ತೋರಿಸುತ್ತಾ ಬಂದ.

“ನಮ್ಮ ಮನೆಯವರು. ಸ್ವಲ್ಪ ತಲೆ ಸರಿ ಇಲ್ಲ, ಮನೆ ಬಿಟ್ಟು ಬಂದುಬಿಟ್ಟಿದ್ದಾರೆ. ನಮ್ಮ ತಾಯಿ ಹಾಸಿಗೆ ಹಿಡಿದಿದ್ದಾರೆ, ಇವಳನ್ನೇ ಕೇಳ್ತಾರೆ. ಎಲ್ಲಾದರೂ ನೋಡಿದೀರಾ?”

ನಮ್ಮವರ ದೊಡ್ಡ ರೋಗ ಎಂದರೆ ಕೇಳಿದವರಿಗೆ ದಾರಿ ತೋರಿಸುವುದು. ತೋರಿಸುವುದು ಸಾಲದೆಂದು ಮನೆಯ ಅಂಗಳದವರೆಗೆ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಾರೆ. ಮುಂದಿನ ಸೀಟಿನ ಹೆಂಗಸರ ಮುಖ ಆಗಲೇ ಕರಗಿತ್ತು. ಸಂಗತಿ ಗೊತ್ತಿದ್ದದ್ದು ನನಗೆ ಮತ್ತು ದಲ್ಲಾಳಿ ಮಾವನಿಗೆ ಮಾತ್ರ. ಅವಳು ಕೆಲಸ ಮುಗಿಸಿ ಇದೇ ಬಸ್ಸಿಗೆ ಬರುವ ಹೊತ್ತು. ನಾನು ಸೆರಗಿನ ಮರೆಯಲ್ಲಿ ಅವಳಿಗೆ ಫೋನ್ ಮಾಡಿ, “ಅಂಗಡಿ ಒಳಗೇ ಇರು, ಹೊರಗೆ ಬರ್ಬೇಡ” ಎಂದೆ. ಬೆನ್ನಿಗೇ ಪೊಲೀಸ್ ಸ್ಟೇಶನ್ನಿಗೆ ಮಾಡಿದೆ.

ಫೋಟೋ ಕಾರ್ಯದರ್ಶಿಯವರ ಮುಂದೆ ಬಂತು. ಅವರು ಕನ್ನಡಕ ಸರಿಮಾಡಿ ನೋಡಿದರು, ಮುಖ ಅರಳಿತು. “ಓ, ಇದು ನಮ್ಮ...”

“ಅಲ್ಲ” ಎಂದು ಹಿಂದಿನಿಂದ ದಲ್ಲಾಳಿ ಮಾವ ಎದ್ದೇಬಿಟ್ಟರು. “ನಿಮ್ಮ ಭಾವನ ಮಗಳ ಹಾಗೆ ಕಾಣ್ತದೆ, ಆದ್ರೆ ಅಲ್ಲ. ಅವಳಿಗೆ ನಾನೇ ಸಂಬಂಧ ನೋಡಿದ್ದಲ್ವಾ, ನನಗೆ ಗೊತ್ತಿಲ್ವಾ? ನೀವು ಕೂತ್ಕೊಳ್ಳಿ.” ಕಾರ್ಯದರ್ಶಿಯವರಿಗೆ ಭಾವನ ಮಗಳೇ ಇಲ್ಲ. ಅವರು ಬಾಯಿ ತೆರೆದುಕೊಂಡೇ ಕೂತರು.

ಆ ಮನುಷ್ಯ ಮಾವನ ಕಡೆ ತಿರುಗಿದ. ಮೊಬೈಲಿನಲ್ಲಿ ಬೆರಳಾಡಿಸಿ ಇನ್ನೊಂದು ತೆರೆದ. ನಮ್ಮದೇ ಗ್ರೂಪಿನ ಹಳೆಯ ಮೆಸೇಜು, ಯಾರೋ ಯಾರಿಗೋ ಕಳಿಸಿದ್ದು. “ಇಲ್ಲಿ ಮೆಡಿಕಲ್ ಹತ್ತಿದ್ರು ಅಂತ ಇದೆ. ಇದೇ ಬಸ್ಸಂತೆ. ಯಾರದು ಮೆಡಿಕಲ್?”

“ಮೆಡಿಕಲ್? ಅದು ನಾನೇ ಮಾರಾಯ್ರೆ” ಎಂದರು ದಲ್ಲಾಳಿ ಮಾವ.

ಕಿಸೆಯಿಂದ ಮಾತ್ರೆಯ ಪಟ್ಟಿಗಳನ್ನು ತೆಗೆದು ಅವನ ಅಂಗೈಯಲ್ಲಿ ಇಡುತ್ತಾ ಹೋದರು. ಇದು ಪ್ರೆಶರಿಗೆ, ಇದು ಶುಗರಿಗೆ, ಇದು ಬೆಳಿಗ್ಗೆ ಖಾಲಿ ಹೊಟ್ಟೆಗೆ, ಇದು ಎಂತಕ್ಕೆ ಅಂತ ಡಾಕ್ಟ್ರಿಗೂ ಗೊತ್ತಿಲ್ಲ. ಇಷ್ಟು ತಿನ್ನುವವನನ್ನು ಊರಿನವರು ಮೆಡಿಕಲ್ ಅಂತ ಕರೀದೆ ಮತ್ತೆಂತ ಕರೆಯುದು? ಮಾತಾಡುತ್ತಲೇ ಅವನ ಭುಜ ಹಿಡಿದು ತಮ್ಮ ಪಕ್ಕ ಕೂರಿಸಿಕೊಂಡರು. “ಪಾಪ, ನಿಮ್ಮ ಕಷ್ಟ ನೋಡಿದ್ರೆ ಬೇಜಾರಾಗ್ತದೆ. ನಾವು ಹುಡುಕಿ ಕೊಡುವ. ಆದ್ರೆ ನಮಗೆ ಎಲ್ಲ ವಿವರ ಬೇಕು. ನಿಮ್ಮ ಊರು ಯಾವುದು?”

ಅವನು ಹೇಳಿದ. ಮಾವ ಬಿಡಲಿಲ್ಲ. ಮನೆ ಪೇಟೆಯಿಂದ ಎಷ್ಟು ದೂರ, ಪಕ್ಕದ ಮನೆಯವರು ಯಾರು, ಅಣ್ಣತಮ್ಮಂದಿರು ಎಷ್ಟು, ಜಾಗ ಪಾಲಾಗಿದೆಯಾ, ಕಾಫಿ ಎಷ್ಟು ಮೆಣಸು ಎಷ್ಟು, ತಮ್ಮ ಹೊಸ ಮನೆ ಕಟ್ಟಿದ್ದಾನಾ, ಗೃಹಪ್ರವೇಶದ ಒಕ್ಕಲು ಆಯ್ತಾ, ಚಾಕ್ಕೆ ಸಕ್ಕರೆ ಎಷ್ಟು, ಕಡಿಮೆಯಾ, ಹಾಗಾದ್ರೆ ನಿಮಗೂ ಶುಗರ್ ಉಂಟಾ. ಎಷ್ಟೋ ಮದುವೆ ಕುದುರಿಸಿದ ನಾಲಿಗೆ ಅದು. ವಿವರ ತೆಗೆಯಲು ಬಂದವನು ವಿವರ ಕೊಡುತ್ತಾ ಕೂತ. ಕಡೆಗೆ ಮಾವ ಮೊಬೈಲ್ ಎತ್ತಿ, “ಒಂದು ಫೋಟೋ ಇರ್ಲಿ, ಸ್ವಲ್ಪ ನಗಾಡಿ” ಎಂದರು. ಅವನು ನಗಾಡಿದ.

ಮರುಕ್ಷಣ ನನ್ನ ಮೊಬೈಲು ಗುಣುಗುಟ್ಟಿತು. ಬಸ್ಸಿನಲ್ಲಿದ್ದ ಎಲ್ಲರ ಮೊಬೈಲೂ ಗುಣುಗುಟ್ಟಿತು. ಗ್ರೂಪಿನಲ್ಲಿ ಅವನ ಫೋಟೋ, ಕೆಳಗೆ ಊರು, ಮನೆ, ತಮ್ಮ, ಸಕ್ಕರೆ, ಎಲ್ಲ. ಕೊನೆಯ ಸಾಲು: ‘ಇವರು ಒಬ್ಬರನ್ನು ಹುಡುಕಿಕೊಂಡು ಬಂದಿದ್ದಾರೆ. ಅವರಿಗೆ ಸಿಕ್ಕಬಾರದು. ಕಾರಣ ಕೇಳಬೇಡಿ, ನಾನೂ ಕೇಳಲಿಲ್ಲ.’ ಹಸಿ ಸುಳ್ಳು. ಆದರೆ ಆ ಮೆಸೇಜನ್ನು ಬಸ್ಸಿನಲ್ಲಿ ಪ್ರತಿಯೊಬ್ಬರೂ ಓದಿದ್ದನ್ನು ನಾನು ನೋಡಿದೆ. ಮುಂದಿನ ಸೀಟಿನ ಹೆಂಗಸರು ಓದಿ ಮೊಬೈಲನ್ನು ಮಡಿಲಲ್ಲಿ ಕವುಚಿ ಇಟ್ಟರು. ಕಾರ್ಯದರ್ಶಿಯವರು ಓದಿ ಬಾಯಿ ಮುಚ್ಚಿದರು.

ಇಲ್ಲಿ ಏನೂ ಸಿಗಲಿಲ್ಲವೆಂದು ಅವನು ಬಸ್ಸಿಳಿದು ನಿಲ್ದಾಣದ ಕ್ಯಾಂಟೀನಿಗೆ ಹೋದ. ಕ್ಯಾಂಟೀನಿನವರೂ ನಮ್ಮ ದಾರಿಯವರೇ, ಗ್ರೂಪಿನಲ್ಲಿ ಇದ್ದಾರೆ. ಅವನು ಕೇಳುವ ಮೊದಲೇ ಚಾ ತಂದಿಟ್ಟರಂತೆ.

“ಸಕ್ಕರೆ ಕಡಿಮೆ ಹಾಕಿದ್ದೇನೆ. ತಮ್ಮನ ಮನೆ ಒಕ್ಕಲು ಚೆಂದ ಆಯ್ತಾ?”

“ನಿಮಗೆ ಯಾರು ಹೇಳಿದ್ರು?”

“ಎಲ್ಲರಿಗೂ ಗೊತ್ತುಂಟಲ್ಲ.”

ಅವನು ಚಾ ಮುಟ್ಟದೆ ಹೊರಗೆ ಬಂದ. ರಿಕ್ಷಾದವರು ಮೊಬೈಲ್ ನೋಡಿ ಅವನನ್ನು ನೋಡಿದರು. ಹಣ್ಣಿನ ಅಂಗಡಿಯವರು ಅವನನ್ನು ನೋಡಿ ಮೊಬೈಲ್ ನೋಡಿದರು. ಆ ನಿಲ್ದಾಣದ ನಡುವೆ ಅವನು ಸುತ್ತ ತಿರುಗಿ ನೋಡಿದ ರೀತಿಯನ್ನು ನಾನು ಕಿಟಕಿಯಿಂದ ನೋಡಿದೆ. ಹೋದಲ್ಲೆಲ್ಲ ಜನಕ್ಕೆ ತಾನು ಯಾರೆಂದು ಗೊತ್ತಿರುವುದು ಎಂತಹ ಭಯ ಎಂದು ಅವನಿಗೆ ಅರ್ಥವಾಯಿತೋ ಇಲ್ಲವೋ ಹೇಳಲಾರೆ. ಮಡಿಕೇರಿಯ ಬಸ್ಸಿನ ಕಡೆ ಅವನು ಬೇಗ ಬೇಗ ನಡೆದದ್ದು ಮಾತ್ರ ನಿಜ. ಅಷ್ಟರಲ್ಲಿ ಸ್ಟೇಶನ್ನಿನಿಂದ ಇಬ್ಬರು ಬಂದು ಅವನನ್ನು ಬಾಗಿಲಲ್ಲೇ ನಿಲ್ಲಿಸಿದರು. ಅವರು ವಿಳಾಸ ಕೇಳಿದಾಗ ಅವನು ತಡವರಿಸಿದ. ದಲ್ಲಾಳಿ ಮಾವ ಮುಂದೆ ಹೋಗಿ ಪಕ್ಕದ ಮನೆಯವರ ಹೆಸರಿನ ಸಮೇತ ಒಪ್ಪಿಸಿದರು. ಇನ್ನು ಈ ಕಡೆ ತಲೆ ಹಾಕಿದರೆ ನೇರ ಒಳಗೆ ಎಂದು ಪೊಲೀಸರು ಎಚ್ಚರಿಸಿ ಅವನನ್ನು ಬಸ್ಸು ಹತ್ತಿಸಿದರು.

ಒಬ್ಬ ಮನುಷ್ಯನ ಫೋಟೋ, ಮನೆ, ತಮ್ಮ, ಎಲ್ಲವನ್ನೂ ಹೀಗೆ ಊರಿಗೆ ಹಂಚಿದ್ದು ಸರಿಯೋ ತಪ್ಪೋ ಎಂದು ನಾನು ಈಗಲೂ ಯೋಚಿಸುವುದುಂಟು. ಅವಳಿಗೆ ಮಾಡಿದ್ದನ್ನೇ ಅವನಿಗೂ ಮಾಡಿದೆವಲ್ಲ. ಆದರೆ ಆ ಹೊತ್ತಿನಲ್ಲಿ ನನಗೆ ಯೋಚನೆ ಬರಲಿಲ್ಲ, ಸಂತೋಷ ಬಂತು. ಬಾಯಿಬಡುಕ ದಲ್ಲಾಳಿ ಮಾವನ ಕಾಲಿಗೆ ಬೀಳಬೇಕು ಎಂದು ಅನ್ನಿಸಿತು.

ನಮ್ಮ ಬಸ್ಸು ಹೊರಡಲಿಲ್ಲ. ಡ್ರೈವರು ಸ್ಟಿಯರಿಂಗಿಗೆ ಒರಗಿ ಕೂತಿದ್ದರು. ಯಾರೂ ಗಡಿಬಿಡಿ ಮಾಡಲಿಲ್ಲ. ಮೊಬೈಲುಗಳು ಮಾತ್ರ ಗುಣುಗುಟ್ಟುತ್ತಿದ್ದವು, ದಲ್ಲಾಳಿ ಮಾವನ ಪರಿಚಯದವರು ಇಲ್ಲದ ಊರಿಲ್ಲ. ‘ಅರಂತೋಡು ದಾಟಿದ್ರು.’ ‘ಕಿಟಕಿ ಹತ್ರ ಕೂತಿದ್ದಾರೆ.’ ‘ಸಂಪಾಜೆಯಲ್ಲಿ ಇಳೀಲಿಲ್ಲ.’ ಆಮೇಲೆ, ‘ಬಸ್ಸು ಘಟ್ಟ ಹತ್ತಿತು.’ ಅದನ್ನು ಓದಿ ನಾನು ಅವಳನ್ನು ಕರೆತಂದೆ.

ಅವಳು ಹತ್ತಿದಾಗ ಎಲ್ಲರೂ ಒಟ್ಟಿಗೆ ಕಿಟಕಿಯ ಹೊರಗೆ ನೋಡಿದರು. ನಮ್ಮ ಊರಿನಲ್ಲಿ ಬಸ್ಸು ಹತ್ತಿದವರನ್ನು ಎಂತ ವಿಶೇಷ, ಎಲ್ಲಿಗೆ ಹೋದದ್ದು, ಯಾಕೆ ತಡ ಎಂದು ಕೇಳದಿದ್ದರೆ ಅದು ಅವಮಾನ. ಅಂದು ಒಬ್ಬರೂ ಕೇಳಲಿಲ್ಲ. ಕೇಳದೆ ಕೂರುವುದು ಅವರಿಗೆ ಎಷ್ಟು ಕಷ್ಟವಾಗುತ್ತಿತ್ತು ಎಂದು ಬೆನ್ನುಗಳನ್ನು ನೋಡಿದರೇ ಗೊತ್ತಾಗುತ್ತಿತ್ತು. ಕಂಡಕ್ಟರು ಬಂದು ಅಭ್ಯಾಸಬಲದಿಂದ ಅವಳ ಹತ್ತಿರ, “ಎಲ್ಲಿಗೆ?” ಎಂದರು. ಇಡೀ ಬಸ್ಸು ತಿರುಗಿ ಅವರನ್ನು ದುರುಗುಟ್ಟಿ ನೋಡಿತು. ಅವರು ಗಾಬರಿಯಾಗಿ ಕೇಳದೆಯೇ ಟಿಕೆಟು ಕೊಟ್ಟು ಮುಂದೆ ಹೋದರು.

ಬಸ್ಸು ಪೇಟೆ ದಾಟಿತು. ಅವಳು ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಕೈ ಬಿಟ್ಟು ಎದ್ದು ನಿಂತಳು, ಸೀಟಿನ ಕಂಬಿ ಹಿಡಿದು ಹಿಂದಕ್ಕೆ ತಿರುಗಿದಳು. ಮುಖ ಕೆಂಪಾಗಿತ್ತು.

“ನೀವೆಲ್ಲ ಇಷ್ಟು ಮಾಡಿದ್ರಿ. ಅವ ಯಾರು, ಎಂತಾಯ್ತು ಅಂತ ನಾನು ನಿಮ್ಮ ಹತ್ರ ಹೇಳ್ಬೇಕು” ಎಂದಳು.

ಆ ಬಸ್ಸಿನಲ್ಲಿ ಅದನ್ನು ಕೇಳಲು ಆಸೆ ಇಲ್ಲದವರು ಒಬ್ಬರೂ ಇರಲಿಲ್ಲ, ದೇವರಾಣೆ. ದಲ್ಲಾಳಿ ಮಾವ ಕೊಡೆಯನ್ನು ಎರಡು ಕಾಲಿನ ನಡುವೆ ಊರಿ, ಅದರ ಹಿಡಿಯ ಮೇಲೆ ಗಲ್ಲ ಇಟ್ಟುಕೊಂಡು ಅವಳನ್ನು ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು.

“ಬೇಡ ಮಗಳೇ. ನಮ್ಮ ಹತ್ರ ಎಂತದೂ ಹೇಳ್ಬೇಡ. ನಮ್ಮ ಬಾಯಿ ಸರಿ ಇಲ್ಲ.”